ಇಲ್ಲದ ಮೆಟ್ಟಿಲು

ಅರಸೀಕೆರೆ
೨೮-೭-೧೯೩೩

ಚಿರಂಜೀವಿ ಸುಮಿತ್ರೆಗೆ ನಿನ್ನ ತಂದೆ ಮರುಳಪ್ಪ ಮಾಡುವ ಆಶೀರ್ವಾದ.

ಕಾಗದದ ತಲೆಯಲ್ಲಿ ಕ್ಷೇಮಸಮಾಚಾರದ ಸವೆದ ಸಾಲುಗಳನ್ನು ತುಂಬುವುದು ನನಗೆ ಹಿಡಿಸದು. ಕ್ಷೇಮವಿದ್ದರೆ ಅದು ಹೇಗೆ ಎಂಬುದನ್ನು ಬರೆಯಬೇಕು. ಇಲ್ಲದಿದ್ದರೆ ಇಲ್ಲವೆಂದು ಬರೆಯಬೇಕು. ನೀನೂ ಹಾಗೆಯೇ ಬರೆ.

ಆಷಾಢ ಕಳೆದು ನೀನು ಗಂಡನ ಮನೆಗೆ ಹಿಂತಿರುಗಿ ನಾಲ್ಕು ದಿನವಾಯಿತು. ಬಸ್ಸು ಬಾಣಾವರ ದಾಟುವವರೆಗೂ ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿಯೇ ಇದ್ದೆಯೆಂದು ಜೊತೆಗೆ ಬಂದಿದ್ದ ನಮ್ಮ ಕೊಬ್ಬರಿ ಮಂಡಿಯ ಗುಮಾಸ್ತ ಹೇಳಿದ. ಹೊಸ ಸೊಸೆಗೆ ಅದು ತಕ್ಕದ್ದಲ್ಲ. ನಿನ್ನ ಅಜ್ಜಿ ಮಾತ್ರ, "ನೋಡ್ಲಿ ಬಿಡ್ಲಾ. ಮಗೀಗೆ ನೆಟ್ಟಗಿನ ಕಣ್ಣು ಬಂದು ಒಂದ್ ವರ್ಸ ಆಗೈತೆ, ಅಷ್ಟೇಯಾ" ಎಂದು ನನ್ನ ಬಾಯಿ ಮುಚ್ಚಿಸಿದರು.

ಆ ಮಾತಿನಿಂದಲೇ ಈ ಕಾಗದದ ಅಗತ್ಯ ಕಂಡಿತು. ಮೂರು ವರ್ಷದವಳಾದಾಗಿನಿಂದ ನಿನ್ನ ಬಲಗಣ್ಣು ಮೂಗಿನ ಕಡೆಗೆ ತಿರುಗಿತ್ತು. ಹುಡುಗಿಯ ಮೆಳ್ಳೆಗಣ್ಣು ಸರಿಮಾಡಿಸಿ ಒಳ್ಳೆಯ ಮನೆಗೆ ಕೊಡಬೇಕೆಂದು ನಿನ್ನ ತಾಯಿ ಕೊನೆಯುಸಿರಿನಲ್ಲಿ ನನ್ನಿಂದ ಮಾತು ಪಡೆದಿದ್ದಳು. ಕಳೆದ ವರ್ಷ ಜುಲೈ ತಿಂಗಳಲ್ಲಿ ಬೆಂಗಳೂರಿನ ಡಾಕ್ಟರ್ ಹನುಮಂತಯ್ಯನವರು ಕಣ್ಣನ್ನು ಒಳಗೆಳೆಯುತ್ತಿದ್ದ ಸ್ನಾಯುವನ್ನು ಕತ್ತರಿಸಿದರು. ಕಟ್ಟು ಬಿಚ್ಚಿದ ದಿನ ನೀನು ಕನ್ನಡಿಯನ್ನು ಕೈಯಿಂದ ಕೆಳಗಿಡಲಿಲ್ಲ. ಹತ್ತು ತಿಂಗಳಲ್ಲಿ ಮದುವೆಯೂ ಆಯಿತು. ಮಾತು ನಡೆಯಿತು.

ಇನ್ನು ಬೆಂಗಳೂರಿನ ಆ ವಿಷಯವನ್ನು ಹಳೇಬೀಡಿನಲ್ಲಿ ಯಾರ ಬಳಿಯೂ ಎತ್ತಕೂಡದು. ಸಿದ್ದಬಸಪ್ಪನವರು ಮಗನಿಗೆ ಹೆಣ್ಣು ನೋಡಲು ಬಂದಾಗ ನಿನ್ನ ಕಣ್ಣು ನೇರವಾಗಿತ್ತು. ಮೊದಲು ಹೇಗಿತ್ತೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡದಿರುವುದು ಅಸತ್ಯವಲ್ಲ. ಮೈಸೂರಿನಲ್ಲಿ ಓದುವಾಗ ನಮ್ಮ ಚರ್ಚಾಕೂಟದಲ್ಲಿ ಎರಡು ನಿಯಮಗಳಿದ್ದವು: ಎದುರು ಪಕ್ಷ ಎತ್ತದ ಅಂಶವನ್ನು ನಾವಾಗಿ ಎತ್ತಬಾರದು, ಎತ್ತಿದ ಅಂಶಕ್ಕೆ ಉತ್ತರ ಕೊಡದವನು ಸೋತಂತೆ.

ನಿತ್ಯದ ಪೂಜೆ ತಪ್ಪಿಸಬೇಡ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದು, ಅದರ ಮೇಲೆ ಹೊಳೆಯುವ ದೀಪದ ಚುಕ್ಕೆಯಲ್ಲಿ ದೃಷ್ಟಿ ನಿಲ್ಲಿಸು.

ಮರುಳಪ್ಪ


ಹಳೇಬೀಡು
೧೬-೮-೧೯೩೩

ಪೂಜ್ಯ ಅಪ್ಪಾಜಿಯವರಿಗೆ ಸುಮಿತ್ರೆಯ ಶರಣು.

ಹೇಗೆ ಕ್ಷೇಮ ಎಂದು ಬರೆಯಲು ಹೇಳಿದ್ದೀರಿ. ಬೆಳಿಗ್ಗೆ ಎರಡು ರೊಟ್ಟಿಯಷ್ಟು ಕ್ಷೇಮ, ಮಧ್ಯಾಹ್ನ ಒಂದು ಮುದ್ದೆಯಷ್ಟು. ಸಂಜೆ ಹೊತ್ತು ಅಜ್ಜಿಯ ನೆನಪು ಬಂದು ಸ್ವಲ್ಪ ಕಡಿಮೆಯಾಗುತ್ತದೆ.

ಇಲ್ಲಿ ಎಲ್ಲರೂ ಒಳ್ಳೆಯವರು. ಮಾವನವರು ಜವಳಿ ಅಂಗಡಿಯಿಂದ ಬರುವಾಗ ಕೆಮ್ಮುತ್ತ ಬರುತ್ತಾರೆ, ನಾನು ಎದ್ದು ನಿಲ್ಲಲು ಸಮಯ ಸಿಗಲಿ ಎಂದು. ಅತ್ತೆ ಕಾಂತಮ್ಮನವರ ಬಾಯಿ ಜೋರು, ಕೈ ಮೆತ್ತಗೆ. ಮೊದಲ ದಿನ ನಾನು ಮಾಡಿದ ಸಾರು ಕುಡಿದು ಅಂದರು: "ಅರಸೀಕೆರೆಯೋರು ಕೊಬ್ರಿ ಮಾರೀ ಮಾರೀ ಸಾರಿಗೆ ಕಾಯಿ ಹಾಕೋದೇ ಮರ್ತವ್ರೆ ಕಣೇ!" ನಾನು, "ನಮ್ಮನೇಲಿ ಸಾರಿಗೆ ಕಾಯಿ ಹಾಕಲ್ಲ ಅತ್ತೆಮ್ಮ, ಕಾಯಿಗೆ ಸಾರು ಹಾಕೋದು" ಎಂದೆ. ನಿಮ್ಮ ಅಳಿಯಂದಿರಿಗೆ ನಗು ಬಂದು ಅನ್ನ ನೆತ್ತಿಗೇರಿತು. ಅತ್ತೆ ಅವರ ತಲೆ ತಟ್ಟುತ್ತ, "ನಗು, ನಗು. ಬಾಯಿ ಇರೋಳ್ನೇ ತಂದುಕೊಟ್ಟಿವ್ನಿ" ಎಂದು ತಾವೂ ನಕ್ಕರು.

ಹಿತ್ತಲ ಬಾಗಿಲು ತೆರೆದರೆ ಕೆರೆ. ನೀರಿಗೆ ಇಳಿಯಲು ಹಳೆಯ ಕಾಲದ ಕಲ್ಲಿನ ಮೆಟ್ಟಿಲುಗಳಿವೆ, ಒಂದೊಂದು ಒಂದೊಂದು ಎತ್ತರ. ಬಲಗಡೆ ಗೋಡೆಯಿದೆ, ಎಡಗಡೆ ಏನೂ ಇಲ್ಲ, ನೇರ ನೀರು. ಬಟ್ಟೆ ಒಗೆಯಲು ಬರುವ ಅಂಕಮ್ಮ ಎಂಬವಳು ನನ್ನ ಜೊತೆಗಾತಿ.

ಒಂದು ಸಂಶಯ, ಅಪ್ಪಾಜಿ. ಬೆಂಗಳೂರಿನಿಂದ ಹೊರಡುವ ದಿನ ಡಾಕ್ಟರು ನಿಮ್ಮ ಜೊತೆ ಇಂಗ್ಲಿಷಿನಲ್ಲಿ ತುಂಬ ಹೊತ್ತು ಮಾತಾಡಿದರು. ನಡುನಡುವೆ ನನ್ನ ಕಣ್ಣಿನ ಕಡೆ ಬೆರಳು ತೋರಿಸಿದರು. ಒಂದು ಚೀಟಿಯನ್ನೂ ಬರೆದುಕೊಟ್ಟರು. ನೀವು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡಿರಿ. ಏನು ಹೇಳಿದರು?

ಸುಮಿತ್ರೆ


ಅರಸೀಕೆರೆ
೨-೯-೧೯೩೩

ಚಿರಂಜೀವಿ ಸುಮಿತ್ರೆಗೆ ಆಶೀರ್ವಾದ.

ಅತ್ತೆಯ ಮಾತಿಗೆ ಎದುರುಮಾತು ಆಡುವುದು, ಅದು ಎಷ್ಟೇ ಚೆನ್ನಾಗಿದ್ದರೂ, ಸಲ್ಲದು. ನಿನ್ನ ಕಾಗದವನ್ನು ಅಜ್ಜಿಗೆ ಓದಿ ಹೇಳಿದೆ. ಅವರು ನಕ್ಕರು. ನಾನು ನಗಲಿಲ್ಲ ಎಂದು ಬರೆದರೆ ಅದು ಪೂರ್ಣ ಸತ್ಯವಾಗದು.

ವೈದ್ಯರ ಮಾತಿನ ಸಾರಾಂಶ: ಶಸ್ತ್ರಚಿಕಿತ್ಸೆ ಸಫಲವಾಗಿದೆ. ಉಳಿದದ್ದು ನಿನಗೆ ಅನವಶ್ಯಕ.

ಮರುಳಪ್ಪ


ಹಳೇಬೀಡು
೧೮-೧೨-೧೯೩೩

ಪೂಜ್ಯ ಅಪ್ಪಾಜಿಯವರಿಗೆ ಶರಣು.

ದೀಪಾವಳಿಗೆ ಬಂದಾಗಲೇ ಹೇಳಬೇಕೆಂದಿದ್ದೆ. ಇವರು ಜೊತೆಗೇ ಇದ್ದರು. ನೀವು ಮಂಡಿಯಿಂದ ಬರುವ ಹೊತ್ತಿಗೆ ದೀಪ ಹಚ್ಚಿಯಾಗಿರುತ್ತಿತ್ತು. ಆ ಬೆಳಕಿನಲ್ಲಿ ನಿಮಗೆ ಕಂಡಿರಲಾರದು.

ಕಣ್ಣು ಹೊರಟಿದೆ, ಅಪ್ಪಾಜಿ. ಮೊದಲು ಮೂಗಿನ ಕಡೆ ನೋಡುತ್ತಿತ್ತಲ್ಲ, ಈಗ ಕಿವಿಯ ಕಡೆ ನೋಡುತ್ತದೆ. ಬೆಳಿಗ್ಗೆ ಅಷ್ಟಿಲ್ಲ, ಕೆಲಸ ಮಾಡಿ ದಣಿದಾಗ ಹೆಚ್ಚು. ಮೊನ್ನೆ ಇವರು, "ನನ್ನ ಹತ್ರ ಮಾತಾಡ್ತಾ ಬಾಗ್ಲು ನೋಡ್ತೀಯಲ್ಲೇ, ಯಾರು ಬತ್ತಾರೆ ಅಂತ ಕಾಯ್ತಿದೀಯ?" ಎಂದು ಕೇಳಿದರು. "ಅರಸೀಕೆರೆ ಬಸ್ಸು" ಎಂದೆ. ನಕ್ಕರು. ಆಮೇಲೆ ಹಿತ್ತಲಿಗೆ ಹೋಗಿ ಕನ್ನಡಿ ಹಿಡಿದುಕೊಂಡು ನಿಂತೆ.

ಇನ್ನೊಂದಿದೆ. ಲಿಂಗದ ಮೇಲಿನ ಚುಕ್ಕೆ ಎರಡಾಗಿ ಕಾಣುತ್ತದೆ. ಒಂದು ಇದ್ದ ಜಾಗದಲ್ಲಿ. ಅದರ ಎಡಕ್ಕೆ, ಸ್ವಲ್ಪ ಕೆಳಗೆ, ಮಸುಕಾಗಿ ಇನ್ನೊಂದು. ಲಿಂಗವೇ ಎರಡು, ಅಂಗೈಯೇ ಎರಡು. ರೆಪ್ಪೆ ಬಡಿದರೆ ಒಂದಾಗುತ್ತದೆ, ಮತ್ತೆ ಬೇರೆಯಾಗುತ್ತದೆ. ಬಾಗಿಲು, ಕೊಡ, ಅತ್ತೆಯವರ ಮುಖ ಎಲ್ಲವೂ ಹೀಗೆಯೇ.

ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದು ಇದನ್ನೇ ಏನು?

ಸುಮಿತ್ರೆ


ಅರಸೀಕೆರೆ
೨-೧-೧೯೩೪

ಚಿರಂಜೀವಿ ಸುಮಿತ್ರೆಗೆ ಆಶೀರ್ವಾದ.

ನಿನ್ನ ಪತ್ರದಲ್ಲಿ ಎರಡು ಸಂಗತಿಗಳು ಬೆರೆತಿವೆ. ಬೇರ್ಪಡಿಸಿ ಪರಿಶೀಲಿಸುತ್ತೇನೆ.

ಕಣ್ಣು ಹೊರಗೆ ಸರಿಯುತ್ತಿದೆ ಎನ್ನುತ್ತೀಯೆ. ಒಳಗೆಳೆಯುತ್ತಿದ್ದ ಸ್ನಾಯುವನ್ನು ಕತ್ತರಿಸಿದ್ದರಿಂದ ಕಣ್ಣು ನೇರವಾಯಿತು. ಅದರ ಮೇಲೆ ಅದನ್ನು ಹೊರಗೆಳೆಯುವ ಕೆಲಸವನ್ನು ಯಾರೂ ಮಾಡಿಲ್ಲ. ಕಾರಣವಿಲ್ಲದೆ ಕಾರ್ಯವಿಲ್ಲ. ಆದ್ದರಿಂದ ಇದು ಕನ್ನಡಿಯನ್ನು ಅತಿಯಾಗಿ ನೋಡುವವಳ ಭ್ರಮೆ ಎಂದೇ ತಿಳಿಯಬೇಕಾಗುತ್ತದೆ.

ಇನ್ನು ಲಿಂಗ ಎರಡಾಗಿ ಕಾಣುವುದು. ಇದು ಕಣ್ಣಿನ ಮಾತಲ್ಲ, ಮನಸ್ಸಿನದು. ನಿನ್ನ ಮನಸ್ಸು ಅರ್ಧ ಅರಸೀಕೆರೆಯಲ್ಲಿ, ಅರ್ಧ ಹಳೇಬೀಡಿನಲ್ಲಿ ಇದೆ. ಗಂಡನಿಗೆ ಆಡಿದ ಬಸ್ಸಿನ ಉತ್ತರವೇ ಅದಕ್ಕೆ ಸಾಕ್ಷಿ. ಇಬ್ಬಗೆಯಾದ ಮನಸ್ಸಿನ ಮುಂದೆ ಒಂದು ವಸ್ತು ಒಂದಾಗಿ ನಿಲ್ಲುವುದಾದರೂ ಹೇಗೆ? ಏಕಾಗ್ರತೆಯೊಂದೇ ಇದಕ್ಕೆ ಮದ್ದು. ನಾಳೆಯಿಂದ ಪೂಜೆಯಲ್ಲಿ ದೃಷ್ಟಿ ನಿಲ್ಲಿಸುವ ಕಾಲವನ್ನು ಮುಕ್ಕಾಲು ಗಂಟೆಗೆ ಹೆಚ್ಚಿಸು. ರೆಪ್ಪೆ ಬಡಿದು ಒಂದು ಮಾಡಿಕೊಳ್ಳುವುದು ತಪ್ಪಿಸಿಕೊಳ್ಳುವ ಉಪಾಯ, ಅದು ಬೇಡ. ಒಂದಾಗುವವರೆಗೆ ನೋಡು.

ಅಜ್ಜಿ ನಿನ್ನನ್ನು ಕರೆತರಬೇಕೆಂದು ಹಟ ಹಿಡಿದಿದ್ದಾರೆ. ಕೊಬ್ಬರಿಯ ಹಂಗಾಮು. ಈಗ ಆಗದು.

ಮರುಳಪ್ಪ


ಹಳೇಬೀಡು
೧೫-೩-೧೯೩೪

ಪೂಜ್ಯ ಅಪ್ಪಾಜಿಯವರಿಗೆ ಶರಣು.

ನೀವು ಹೇಳಿದಂತೆ ದಿನವೂ ಮುಕ್ಕಾಲು ಗಂಟೆ ಕೂರುತ್ತಿದ್ದೇನೆ. ತಲೆನೋವು ಸ್ವಲ್ಪ ಇದೆ. ಅಜ್ಜಿಗೆ ನಮಸ್ಕಾರ ತಿಳಿಸಿ.

ಸುಮಿತ್ರೆ


ಅರಸೀಕೆರೆ
೯-೬-೧೯೩೪

ಚಿರಂಜೀವಿ ಸುಮಿತ್ರೆಗೆ ಆಶೀರ್ವಾದ.

ಸುಮಾರು ಮೂರು ತಿಂಗಳಿಂದ ನಿನ್ನ ಕಾಗದವಿಲ್ಲ. ಕೊನೆಯದರಲ್ಲಿ ಮೂರು ವಾಕ್ಯಗಳಿದ್ದವು. ಚುಕ್ಕೆ ಒಂದಾಯಿತೆ ಎಂಬುದು ಅವುಗಳಲ್ಲಿ ಇರಲಿಲ್ಲ. ಆಯಿತೆಂದು ನಾನು ಭಾವಿಸಬಹುದೆ?

ಅಜ್ಜಿ ನಿನ್ನ ಹಳೆಯ ಕಾಗದದ ಸಾರಿನ ಮಾತನ್ನು ಮತ್ತೆ ಮತ್ತೆ ಓದಿಸಿಕೊಳ್ಳುತ್ತಾರೆ. ನಿನ್ನೆ, "ಈ ಮಗು ನಗಿಸೋದ್ನ ನಿಲ್ಸ್‌ಬಿಟ್ಟೈತೆ. ಏನೋ ಆಗೈತೆ ಕಣ್ಲಾ ಮರುಳಾ, ಹೋಗಿ ನೋಡ್ಕೊಂಬಾ" ಎಂದರು. ವಯಸ್ಸಾದವರ ಕಳವಳವೆಂದು ಸಮಾಧಾನ ಹೇಳಿದೆ.

ಬರೆ.

ಮರುಳಪ್ಪ


ಹಳೇಬೀಡು
೨೪-೮-೧೯೩೪

ಪೂಜ್ಯ ಅಪ್ಪಾಜಿಯವರಿಗೆ ಶರಣು.

ಜೂನ್ ತಿಂಗಳ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ. ಕ್ಷಮಿಸಬೇಕು. ಬರೆಯುವಾಗ ಸಾಲುಗಳು ಒಂದರ ಮೇಲೊಂದು ಹತ್ತುತ್ತವೆ. ಇವತ್ತು ಸಲೀಸಾಗಿ ಬರೆಯುತ್ತಿದ್ದೇನೆ. ಹೇಗೆಂದು ಮುಂದೆ ಹೇಳುತ್ತೇನೆ.

ಚುಕ್ಕೆ ಒಂದಾಗಲಿಲ್ಲ, ಅಪ್ಪಾಜಿ. ನೀವು ಕೇಳುವವರೆಗೆ ನಾನು ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡದಿರುವುದು ಅಸತ್ಯವಲ್ಲ ಎಂದು ನೀವೇ ಬರೆದಿದ್ದಿರಿ. ನೀವು ಕೇಳಿದ ಮೇಲೂ ಎರಡು ತಿಂಗಳು ಸುಮ್ಮನಿದ್ದೆನಲ್ಲ, ಅದು ನನ್ನ ತಪ್ಪು.

ಈಗ ಕಣ್ಣು ಎಲ್ಲರಿಗೂ ಕಾಣುತ್ತದೆ. ಎಲೆಯ ಪಕ್ಕಕ್ಕೆ ಸಾರು ಬಡಿಸುತ್ತೇನೆ. "ಎಲೆ ಅಲ್ಲೈತೆ, ಸಾರು ಇಲ್ಲೈತೆ. ನೆಲಕ್ಕೆ ಹಸಿವಾಗೈತೇನೇ?" ಎನ್ನುತ್ತಾರೆ ಅತ್ತೆ. ಮೊದಲು ಇಂಥದಕ್ಕೆ ನಾನೂ ಒಂದು ಹೇಳುತ್ತಿದ್ದೆ. ಈಗ ಬಾಯಿಗೆ ಬರುವುದಿಲ್ಲ. ಇವರು ಬೈಯುವುದಿಲ್ಲ. ಮೊದಲು ಊಟಕ್ಕೆ ನನ್ನ ಎದುರಿಗೆ ಕೂರುತ್ತಿದ್ದರು, ಈಗ ಪಕ್ಕಕ್ಕೆ ಕೂರುತ್ತಾರೆ.

ಶ್ರಾವಣದಲ್ಲಿ ಒಂದು ದಿನ ಪೂಜೆಗೆ ಕೂತಾಗ ಕಣ್ಣಿಗೆ ವಿಭೂತಿ ಬಿತ್ತು. ಬಲಗಣ್ಣು ಮುಚ್ಚಿಕೊಂಡೆ. ಚುಕ್ಕೆ ಒಂದೇ! ಲಿಂಗ ಒಂದೇ, ಅಂಗೈ ಒಂದೇ. ಎಷ್ಟು ತಿಂಗಳ ಮೇಲೆ! ಅಳು ಬಂದು ಎಡಗಣ್ಣೂ ಮಂಜಾಯಿತು.

ಅಂದಿನಿಂದ ಒಂದು ಕಣ್ಣು ಮುಚ್ಚಿ ಎಲ್ಲ ಕೆಲಸ ಮಾಡುತ್ತೇನೆ. ಸಾರು ಎಲೆಗೇ ಬೀಳುತ್ತದೆ. ಈ ಕಾಗದವನ್ನೂ ಹಾಗೆಯೇ ಬರೆಯುತ್ತಿದ್ದೇನೆ. ಕೆರೆಗೆ ಇಳಿಯುವಾಗ ಸೆರಗನ್ನು ಬಲಗಣ್ಣಿಗೆ ಅಡ್ಡ ಹಿಡಿಯುತ್ತೇನೆ. ಅಂಕಮ್ಮ, "ಇದ್ಯಾವ ಸಿಂಗಾರ ಕಣವ್ವಾ, ಕೆರೆಗೂ ನಾಚ್ಕೊತೀಯ?" ಎಂದು ನಗುತ್ತಾಳೆ. ಆದರೆ ಮೊನ್ನೆ ಅಂಗಡಿಯಿಂದ ಯಾರೋ ಲೆಕ್ಕ ಕೇಳಲು ಬಂದಾಗ ನನ್ನ ಒಂದು ಕಣ್ಣು ಮುಚ್ಚಿತ್ತು. ಅತ್ತೆ ನೋಡಿ, "ಯಾರಿಗೆ ಕಣ್ ಹೊಡೀತಿದೀಯೇ? ಬಂದೋನ್ಗಾ?" ಎಂದರು. ಮನೆಯವರೆಲ್ಲ ಇದ್ದರು.

ಆದ್ದರಿಂದ ನಿಮ್ಮ ಅಪ್ಪಣೆ ಬೇಕು. ನಿಮ್ಮ ಪದ್ಧತಿಯಲ್ಲೇ ವಾದಿಸುತ್ತೇನೆ. ಎರಡಾಗಿ ಕಾಣುವುದು ಮನಸ್ಸಿನಿಂದ ಎಂದಿರಿ. ನನ್ನ ಮನಸ್ಸೇ ಎರಡಾಗಿದ್ದರೆ, ಒಂದು ಕಣ್ಣು ಮುಚ್ಚಿದ ಕೂಡಲೇ ಅದು ಹೇಗೆ ಒಂದಾಯಿತು? ಮನಸ್ಸು ಬಲಗಣ್ಣಿನಲ್ಲಿ ಇರುತ್ತದೆಯೇ?

ಉತ್ತರ ಕೊಡಿ. ಮಾವನವರಿಗೆ ಒಂದು ಕಾಗದ ಬರೆದು ಬೆಂಗಳೂರಿನ ವಿಷಯ ತಿಳಿಸಿದರೆ ನಾನು ಎಲ್ಲರೆದುರಿಗೂ ಕಣ್ಣು ಮುಚ್ಚಿಕೊಳ್ಳಬಹುದು. ಅದಾಗದಿದ್ದರೆ ಗೌರಿ ಹಬ್ಬಕ್ಕೆ ಬಂದು ಕರೆದುಕೊಂಡು ಹೋಗಿ. ಡಾಕ್ಟರನ್ನು ನೋಡೋಣ.

ಸುಮಿತ್ರೆ


ಅರಸೀಕೆರೆ
೧-೯-೧೯೩೪

ಚಿರಂಜೀವಿ ಸುಮಿತ್ರೆಗೆ ಆಶೀರ್ವಾದ.

ಈ ಸಲ ನಾನು ವಾದ ಮಾಡುವುದಿಲ್ಲ. ಆಜ್ಞೆ ಮಾಡುತ್ತೇನೆ.

ಈ ಕಾಗದ ತಲಪಿದ ದಿನದಿಂದ ಒಂದು ಕಣ್ಣು ಮುಚ್ಚುವುದನ್ನು ಬಿಡತಕ್ಕದ್ದು. ಮನೆಯಲ್ಲಿಯೂ, ಹೊರಗೂ, ಪೂಜೆಯಲ್ಲಿಯೂ. ಸೆರಗು ಅಡ್ಡ ಹಿಡಿಯುವುದೂ ಕೂಡದು. ಗೃಹಸ್ಥರ ಮನೆಯ ಸೊಸೆ ಪರಪುರುಷರ ಮುಂದೆ ಕಣ್ಣು ಮಿಟುಕಿಸಿದಳೆಂಬ ಮಾತು ಒಮ್ಮೆ ಹುಟ್ಟಿದೆ. ಎರಡನೆಯ ಸಲ ಹುಟ್ಟಿದರೆ ಅಳಿಸಲಾಗದು. ಸಿದ್ದಬಸಪ್ಪನವರಿಗೆ ನಾನು ಈಗ ಬರೆದರೆ, ಮದುವೆಗೆ ಮುಂಚೆ ಏಕೆ ಹೇಳಲಿಲ್ಲವೆಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯನ್ನು ಅವರ ಬಾಯಿಗೆ ನಾನಾಗಿ ಇಡಲಾರೆ.

ದೀಪಾವಳಿ ಕಳೆಯಲಿ. ಅಜ್ಜಿಗೆ ಮೈ ಸರಿಯಿಲ್ಲವೆಂದು ಹೇಳಿ ನಿನ್ನನ್ನು ಕರೆಸಿಕೊಂಡು, ಯಾರಿಗೂ ತಿಳಿಯದಂತೆ ಬೆಂಗಳೂರಿಗೆ ಕರೆದೊಯ್ಯುತ್ತೇನೆ. ಅಲ್ಲಿಯವರೆಗೆ ಎರಡೂ ಕಣ್ಣು ತೆರೆದಿರಲಿ. ಹಾಗೆ ಇರುತ್ತೇನೆಂದು ಮರುಟಪಾಲಿಗೆ ಬರೆದು ತಿಳಿಸು.

ಅಜ್ಜಿ ನನ್ನೊಡನೆ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ.

ಮರುಳಪ್ಪ


ಹಳೇಬೀಡು
೪-೯-೧೯೩೪, ಬೆಳಿಗ್ಗೆ

ಪೂಜ್ಯ ಅಪ್ಪಾಜಿಯವರಿಗೆ ಶರಣು.

ನಿನ್ನೆ ಸಂಜೆ ನಿಮ್ಮ ಕಾಗದ ಬಂತು. ಇವತ್ತಿನಿಂದ ಎರಡು ಕಣ್ಣೂ ತೆರೆದಿರುತ್ತೇನೆ. ಎರಡರಲ್ಲಿ ಬಲಗಡೆಯದು ನಿಜ, ಎಡಗಡೆಯದು ಸುಳ್ಳು ಎಂದು ಬಾಯಿಪಾಠ ಮಾಡಿಕೊಂಡಿದ್ದೇನೆ. ದಣಿದಾಗ ಮಾತ್ರ ಗೊಂದಲ. ದೀಪಾವಳಿಗೆ ಎರಡು ತಿಂಗಳು, ಬೇಗ ಕಳೆಯುತ್ತದೆ. ಅಜ್ಜಿಗೆ ಮಾವನವರ ಅಂಗಡಿಯ ಇಳಕಲ್ ಕುಪ್ಪಸದ ಬಟ್ಟೆ ತೆಗೆದಿಟ್ಟಿದ್ದೇನೆ, ಬರುವಾಗ ತರುತ್ತೇನೆ.

ನೀವು ಈ ಸಲ ವಾದ ಮಾಡಲಿಲ್ಲ. ಎತ್ತಿದ ಅಂಶಕ್ಕೆ ಉತ್ತರ ಕೊಡದವನು ಏನಾದಂತೆ ಎಂದು ನೀವೇ ಕಲಿಸಿದ್ದೀರಿ. ಅಜ್ಜಿಗೆ ಹೇಳಿ, ಸುಮಿತ್ರೆ ಗೆದ್ದಳು ಅಂತ. ನಿಮ್ಮ ಜೊತೆ ಮಾತಾಡುತ್ತಾರೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಬಟ್ಟೆ ಒಗೆಯಲು ಅಂಕಮ್ಮ ಕರೆಯುತ್ತಿದ್ದಾಳೆ.

ಸು.


ಅರಸೀಕೆರೆ
೨೦-೯-೧೯೩೪

ಹಳೇಬೀಡಿನ ಜವಳಿ ವರ್ತಕರಾದ ಸಿದ್ದಬಸಪ್ಪನವರಿಗೆ ಮರುಳಪ್ಪನ ಶರಣಾರ್ಥಿ.

ನಿಮ್ಮ ಹದಿನೈದನೆಯ ತಾರೀಖಿನ ಕಾಗದ ಸೇರಿತು. ಸುಮಿತ್ರೆ ತಾನಾಗಿಯೇ ಕೆರೆಗೆ ಹಾರಿದಳೆಂದು ಊರು ಹೇಳುತ್ತಿದೆ. ಹಿರಿಯರು ಹಾಗೆಯೇ ತೀರ್ಮಾನಿಸಿದ್ದರಿಂದ ಅವಳನ್ನು ಯಾವ ವಿಧಿಯನ್ನೂ ನಡೆಸದೆ, ಅಂಗೈಯಲ್ಲಿ ಲಿಂಗವಿಡದೆ ಮಣ್ಣು ಮಾಡಬೇಕಾಯಿತು. ಇನ್ನು ಅದನ್ನು ಕೆದಕುವುದು ಎರಡು ಮನೆತನಗಳಿಗೂ ಒಳ್ಳೆಯದಲ್ಲ ಎಂದು ಬರೆದಿದ್ದೀರಿ. ಕಾಂತಮ್ಮನವರ ನಾಲಗೆಗೂ ಅಳಿಯ ದೇವೀರಪ್ಪನ ಉದಾಸೀನಕ್ಕೂ ಹೆದರಿ ಹುಡುಗಿ ಸತ್ತಳೆಂದು ಜನ ಆಡಿಕೊಳ್ಳುತ್ತಿರುವುದನ್ನೂ ಕಾಣಿಸಿದ್ದೀರಿ.

ಐದನೆಯ ತಾರೀಖು ನಾನು ಅಲ್ಲಿಗೆ ಬಂದಾಗ ಮಣ್ಣು ಮುಚ್ಚಿಯಾಗಿತ್ತು. ನೀವು ಅವಳ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿರಿ. ನಾನು ನಿಮ್ಮೊಡನೆ ಒಂದು ಮಾತನ್ನೂ ಆಡಲಿಲ್ಲ. ನನ್ನ ಮೌನವನ್ನು ನೀವು ದುಃಖವೆಂದು ತಿಳಿದಿರಿ. ಅದರಲ್ಲಿ ಹೆಚ್ಚಿನ ಪಾಲು ಭಯವಾಗಿತ್ತು. ಈಗ ಮಾತಾಡುತ್ತೇನೆ. ಈ ಕಾಗದವನ್ನು ಆ ಹಿರಿಯರ ಮುಂದೆ ಗಟ್ಟಿಯಾಗಿ ಓದಿಸಬೇಕು.

ನನ್ನ ಮಗಳು ಹಾರಲಿಲ್ಲ. ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟಳು.

ನೀವು ಹೆಣ್ಣು ನೋಡಲು ಬಂದಾಗ ಅವಳ ಕಣ್ಣು ನೇರವಾಗಿತ್ತು. ಹುಟ್ಟಿನಿಂದ ಬಂದ ನೇರವಲ್ಲ ಅದು. ಅದಕ್ಕೆ ಕೆಲವು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಮೆಳ್ಳೆಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ತಂದದ್ದು. ನಿಮ್ಮಿಂದ ಮರೆಮಾಡಿದೆ. ಅದನ್ನು ಮರೆಮಾಚುವಿಕೆಯಲ್ಲವೆಂದು ಸಾಧಿಸಲು ನನ್ನ ಬಳಿ ಒಂದು ನಿಯಮವೂ ಇತ್ತು. ನಾವು ಹೊರಡುವಾಗ ವೈದ್ಯರು ಒಂದು ಚೀಟಿ ಕೊಟ್ಟಿದ್ದರು. ಅದನ್ನು ಇದರೊಡನೆ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಅದರ ಅರ್ಥ ಇಷ್ಟು: ಹೀಗೆ ಸ್ನಾಯು ಕತ್ತರಿಸಿದ ಕಣ್ಣು ಈಗ ನೇರ ನಿಂತರೂ, ತಿಂಗಳುಗಳು ಕಳೆದಂತೆ ನಿಧಾನವಾಗಿ ಹೊರಗೆ ಸರಿಯಬಹುದು, ಆರು ತಿಂಗಳಿಗೊಮ್ಮೆ ತೋರಿಸಬೇಕು. ಸರಿದರೆ ಇನ್ನೊಂದು ಚಿಕ್ಕ ಚಿಕಿತ್ಸೆಯಿಂದ ಸರಿಪಡಿಸಬಹುದು. ವಸ್ತುಗಳು ಎರಡೆರಡಾಗಿ ಕಾಣತೊಡಗಿದರೆ ಹುಡುಗಿ ಹೆದರಬೇಕಾಗಿಲ್ಲ. ಕೂಡಲೇ ಕರೆತನ್ನಿ, ಅಲ್ಲಿಯವರೆಗೆ ಒಂದು ಕಣ್ಣು ಮುಚ್ಚಿಕೊಂಡಿದ್ದರೆ ಒಂದೇ ಕಾಣುತ್ತದೆ.

ಆರು ತಿಂಗಳಿಗೆ ನಾನು ಕರೆದೊಯ್ಯಲಿಲ್ಲ. ಆಗ ಮದುವೆಯ ಮಾತುಕತೆ ನಡೆಯುತ್ತಿತ್ತು. ಮದುವೆಯ ಮೇಲೆ ಕರೆದೊಯ್ಯಬೇಕಾದರೆ ನಿಮಗೆ ಕಾರಣ ಹೇಳಬೇಕಾಗಿತ್ತು. ಎರಡು ಕಾಣುತ್ತದೆಂದು ಅವಳು ಡಿಸೆಂಬರಿನಲ್ಲೇ ಬರೆದಳು. ಚೀಟಿ ನನ್ನ ಪೆಟ್ಟಿಗೆಯಲ್ಲಿತ್ತು, ತೆಗೆದು ಓದಿದೆ, ಮತ್ತೆ ಮಡಿಸಿಟ್ಟು, ನಿನ್ನ ಮನಸ್ಸು ಸರಿಯಿಲ್ಲ, ಹೆಚ್ಚು ಹೊತ್ತು ಲಿಂಗವನ್ನು ನೋಡು ಎಂದು ಬರೆದೆ. ಆ ಕಾಗದವನ್ನು ನಾನು ಬಹಳ ಚೆನ್ನಾಗಿ ಕಟ್ಟಿ ಬರೆದಿದ್ದೆ. ಅದರಲ್ಲಿ ಎಲ್ಲಿಯೂ ಬಿರುಕು ಕಾಣುವುದಿಲ್ಲ.

ವೈದ್ಯರು ಬರೆದಿದ್ದ ಉಪಾಯವನ್ನು ಅವಳು ಎಂಟು ತಿಂಗಳು ನರಳಿ ತಾನೇ ಕಂಡುಕೊಂಡಳು. ಒಂದು ಕಣ್ಣು ಮುಚ್ಚಲು ನನ್ನ ಅಪ್ಪಣೆ ಕೇಳಿದಳು. ಅವಳ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಆಜ್ಞೆ ಮಾಡಿದೆ. ಎರಡೂ ಕಣ್ಣು ತೆರೆದಿರಬೇಕು, ಸೆರಗು ಅಡ್ಡ ಹಿಡಿಯಕೂಡದು ಎಂದೆ. ಆ ಕಾಗದ ನಿಮ್ಮ ಮನೆಗೆ ಮೂರನೆಯ ತಾರೀಖು ಬಂದದ್ದು ನಿಮಗೆ ನೆನಪಿರಬಹುದು. ಅವಳು ಮರುದಿನ ಬೆಳಿಗ್ಗೆ ಬರೆದ ಕಾರ್ಡನ್ನೂ ಇಟ್ಟಿದ್ದೇನೆ. ನಿಮ್ಮಲ್ಲಿಂದ ಹಿಂತಿರುಗಿ ಬಂದಾಗ ಅದು ನನಗಿಂತ ಮೊದಲೇ ಮನೆ ಸೇರಿತ್ತು. ಸಾಯಲು ಹೊರಟವಳು ದೀಪಾವಳಿಗೆ ಅಜ್ಜಿಗೆಂದು ಕುಪ್ಪಸದ ಬಟ್ಟೆ ತೆಗೆದಿಡುವುದಿಲ್ಲ. ಹುಡುಕಿಸಿ ನೋಡಿ, ಅವಳ ಪೆಟ್ಟಿಗೆಯಲ್ಲಿ ಇರಲೇಬೇಕು.

ಇನ್ನು ಕಣ್ಣಾರೆ ಕಂಡವಳು ಅಂಕಮ್ಮ. ನಾನು ಬಂದ ದಿನ ಮೆಟ್ಟಿಲ ಬಳಿ ಅವಳೊಬ್ಬಳೇ ನಿಂತಿದ್ದಳು. ಅವಳ ಮಾತನ್ನು ಹಿರಿಯರು ಕೇಳಲಿಲ್ಲವಂತೆ. ನಾನು ಕೇಳಿದೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ:

"ಹಾರ್ಲಿಲ್ಲ ಕಣ್ ಬುದ್ಧಿ. ಒಂದೊಂದೇ ಮೆಟ್ಲು ನೋಡ್ಕೊಂಡ್ ನೋಡ್ಕೊಂಡೇ ಇಳೀತಿದ್ಲು. ಬಟ್ಟೆ ಗಂಟು ಕಂಕುಳಲ್ಲೇ ಇತ್ತು. ಸಾಯೋಕೆ ಹೋಗೋಳು ಗಂಟು ಹೊತ್ಕೊಂಡ್ ಹೋಯ್ತಾಳಾ? ಆರನೇ ಮೆಟ್ಲಲ್ಲಿ ಎಡಕ್ಕೆ ಕಾಲಿಟ್ಲು. ಅಲ್ಲಿ ಮೆಟ್ಲೇ ಇರ್ಲಿಲ್ಲ. ದಿನಾ ಸೆರಗ್ನ ಒಂದ್ ಕಣ್ಣಿಗೆ ಅಡ್ಡ ಹಿಡ್ಕೊಂಡು ಇಳೀತಿದ್ಲು, ಒಂದ್ ದಿನಾನೂ ಎಡವಿದೋಳಲ್ಲ. ಅವತ್ತು ಯಾಕೋ ಹಿಡೀಲಿಲ್ಲ. 'ಯಾಕವ್ವಾ, ಇವತ್ತು ನಾಚ್ಕೆ ಇಲ್ವಾ?' ಅಂದೆ. 'ಅಪ್ಪಾಜಿ ಬ್ಯಾಡ ಅಂದವ್ರೆ' ಅಂದ್ಲು."

ಇದು ಸಾಕ್ಷ್ಯ. ಸುಮಿತ್ರೆ ನಿರ್ದೋಷಿ. ಕಾಂತಮ್ಮನವರು ಅಂದ ಮಾತುಗಳು ಅತ್ತೆಯಾದವಳು ಅನ್ನುವಂಥವು. ಆ ಮಾತುಗಳಿಗೆ ಅವಳು ಸಾಯಲಿಲ್ಲ. ದೇವೀರಪ್ಪನಿಗೆ ತನ್ನ ಹೆಂಡತಿಗೆ ಏನಾಗಿದೆಯೆಂದು ಯಾರೂ ಹೇಳಿರಲಿಲ್ಲ. ವೈದ್ಯರು ತಮಗೆ ತಿಳಿದದ್ದನ್ನೆಲ್ಲ ಹೇಳಿ, ಬರೆದೂ ಕೊಟ್ಟಿದ್ದರು. ಇವರೆಲ್ಲರನ್ನು ಬಿಟ್ಟ ಮೇಲೆ ಉಳಿಯುವವನು ಒಬ್ಬನೇ. ಹಿರಿಯರು ಅವನ ಹೆಸರನ್ನು ಬೇಕಾದಂತೆ ಆಡಿಕೊಳ್ಳಲಿ. ಇದಕ್ಕೆ ಪ್ರತಿಯಾಗಿ ಏನನ್ನೂ ಅವನು ಹೇಳುವುದಿಲ್ಲ.

ನನ್ನ ಬೇಡಿಕೆ ಒಂದು. ಬರುವ ಸೋಮವಾರ ಬೆಳಗಿನ ಬಸ್ಸಿಗೆ ನಾನು ಲಿಂಗವನ್ನು ತರುತ್ತೇನೆ. ಅವಳ ಎಡಗೈ ಇರುವ ಕಡೆ ಒಂದು ಮೊಳ ತೋಡಿಸಿ. ಅಯ್ಯನವರನ್ನು ಕರೆಸಿ, ಅವಳಿಗೆ ಸಲ್ಲಬೇಕಾದ ವಿಧಿಯನ್ನು ಸಲ್ಲಿಸಿ. ಅಂಕಮ್ಮ ಅಲ್ಲಿರಲಿ.

ಅಜ್ಜಿ, ಎಂದರೆ ನನ್ನ ತಾಯಿ, ನನ್ನೊಡನೆ ಮಾತು ಬಿಟ್ಟು ಇಪ್ಪತ್ತು ದಿನಕ್ಕೆ ಮೇಲಾಗಿತ್ತು. ಮಗಳು ಕಾರ್ಡಿನಲ್ಲಿ ಅವರಿಗೆ ಒಂದು ಸುದ್ದಿ ಹೇಳಲು ನನಗೆ ಒಪ್ಪಿಸಿದ್ದಳು. ಹೇಳಲು ನನಗೆ ಬಾಯಿ ಬಂದಿರಲಿಲ್ಲ. ಈ ಕಾಗದವನ್ನು ಬರೆಯಲು ಕೂರುವ ಮೊದಲು ಅವರ ಹಾಸಿಗೆಯ ಬಳಿ ಹೋಗಿ ಹೇಳಿದೆ:

"ಅವ್ವ, ಸುಮಿತ್ರೆ ಗೆದ್ದಳು."

ಮರುಳಪ್ಪ